ಹತ್ತೊಂಬತ್ತನೇ ಗೇಟು
2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯ, ಕೆಳಗೆ ಕಂಪ್ಲಿಯ ಭತ್ತದ ಗದ್ದೆಗಳು. ಅಂದಿನಿಂದ ಪ್ರೋಗ್ರಾಂ ಬರೆಯಲು ಕೂತಾಗಲೆಲ್ಲ ನನಗೆ ಆ ಚೈನೇ ಕಣ್ಣಮುಂದೆ. ‘ಗೇಟು ಎತ್ತು’ ಅಂತ ಒಂದು ಫಂಕ್ಷನ್ ಬರೆಯುತ್ತೇವೆ ಅಂದುಕೊಳ್ಳಿ. ಎತ್ತುವ ಮೊದಲು ಏನೇನು ಸರಿಯಿರಬೇಕು? ಚೈನ್ ಗಟ್ಟಿಯಿರಬೇಕು, ಕೇಳಿದ ಎತ್ತರ ಗೇಟಿನ ಮಿತಿ ಮೀರಿರಬಾರದು. ಇದು ಪೂರ್ವಷರತ್ತು, ಫಂಕ್ಷನ್ನನ್ನು ಕರೆಯುವವರ ಹೊಣೆ. ಎತ್ತಿದ ಮೇಲೆ ಗೇಟು ಹೇಳಿದ ಎತ್ತರದಲ್ಲೇ ನಿಂತಿರಬೇಕು. ಇದು ಉತ್ತರಷರತ್ತು, ಫಂಕ್ಷನ್ನೇ ಕೊಡುವ ಮಾತು. ನೀರು 1,633 ಅಡಿ ದಾಟಬಾರದು ಎಂಬುದು ಮೊದಲೂ ಆಮೇಲೂ ಸಲ್ಲುವ ಷರತ್ತು. 1969ರಲ್ಲಿ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಇಂಥ ಷರತ್ತುಗಳಿಗೆ ತರ್ಕದ ತಳಪಾಯ ಹಾಕಿದರು. ಬರ್ಟ್ರಾಂಡ್ ಮೇಯರ್ ತಾವು ರೂಪಿಸಿದ ಐಫೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯೊಳಗೇ ಪೂರ್ವಷರತ್ತಿಗೆ ‘ರಿಕ್ವೈರ್’, ಉತ್ತರಷರತ್ತಿಗೆ ‘ಎನ್ಶೂರ್’ ಎಂಬ ಪದಗಳನ್ನಿಟ್ಟರು. ಹೋರ್ ಅವರದು ಗಣಿತ, ಮೇಯರ್ ಅವರದು ದಿನಬಳಕೆಯ ಕೆಲಸ. ನನಗೆ ಎರಡನೆಯದೇ ಹೆಚ್ಚು ಪ್ರೀತಿ. ನಮ್ಮ ಹುಡುಗರು ಕಲಿಯುವ ಪೈಥಾನ್‌ನಲ್ಲಿ ‘ಅಸರ್ಟ್’ ಎಂಬ ಒಂದೇ ಸಾಲು ಈ ಷರತ್ತುಗಳ ಕಾವಲು ಕಾಯುತ್ತದೆ. ಆದರೆ ಪ್ರೋಗ್ರಾಮನ್ನು ಆಪ್ಟಿಮೈಸ್ ಮಾಡಿ ಓಡಿಸಿದರೆ ಪೈಥಾನ್ ಆ ಸಾಲನ್ನೇ ಬಿಟ್ಟುಬಿಡುತ್ತದೆ. ಹಾಗಾಗಿ ನೀರು, ದುಡ್ಡು, ಔಷಧಿಯ ಲೆಕ್ಕವಿರುವ ಕಡೆ ‘ಇಫ್’ ಹಾಕಿ ನೀವೇ ಪರೀಕ್ಷಿಸಿ, ಷರತ್ತು ತಪ್ಪಿದ್ದರೆ ಅಲ್ಲೇ ಎಕ್ಸೆಪ್ಷನ್ ಎಬ್ಬಿಸಿ ನಿಲ್ಲಿಸಿ.