ಹೋಮ್ ಥಿಯೇಟರ್ ಆಂಪ್ಲಿಫೈಯರ್‌ಗಳ ಕೊರತೆ (2020–2022)

ಹೋಮ್ ಥಿಯೇಟರ್ ಆಂಪ್ಲಿಫೈಯರ್‌ಗಳ ಕೊರತೆ ಎಂಬುದು 2020ರ ಕೊನೆಯ ತಿಂಗಳುಗಳಲ್ಲಿ ಆರಂಭವಾಗಿ 2022ರವರೆಗೆ ಮುಂದುವರಿದ ಜಾಗತಿಕ ಪೂರೈಕೆಯ ಬಿಕ್ಕಟ್ಟು. ಮನೆಯಲ್ಲಿ ಚಲನಚಿತ್ರ ವೀಕ್ಷಣೆಗೆ ಬಳಸುವ, ಎವಿ ರಿಸೀವರ್ ಎಂದು ಕರೆಯಲಾಗುವ ಬಹುವಾಹಿನಿ ಆಂಪ್ಲಿಫೈಯರ್‌ಗಳು ಈ ಅವಧಿಯಲ್ಲಿ ವಿಶ್ವದ ಬಹುತೇಕ ಮಾರುಕಟ್ಟೆಗಳಲ್ಲಿ ವಿರಳವಾದವು. ಡೆನಾನ್, ಮರಾಂಟ್ಜ್, ಯಮಹಾ, ಒಂಕ್ಯೋ, ಪಯೋನಿಯರ್ ಮೊದಲಾದ ಹೆಸರುಗಳೇ ಪ್ರಧಾನವಾಗಿರುವ ಈ ಕ್ಷೇತ್ರದಲ್ಲಿ ಬೇಡಿಕೆ ಹೆಚ್ಚಿದ ಹೊತ್ತಿನಲ್ಲೇ ಬಿಡಿಭಾಗಗಳ ಪೂರೈಕೆ ಕುಸಿಯಿತು.

ಈ ಬಿಕ್ಕಟ್ಟನ್ನು ಸಾಮಾನ್ಯವಾಗಿ ಕಾರ್ಖಾನೆ ಮತ್ತು ಬಂದರುಗಳ ದೃಷ್ಟಿಯಿಂದ ವಿವರಿಸಲಾಗುತ್ತದೆ. ಪೂರೈಕೆಯ ಸರಪಳಿಯ ಕೊನೆಯ ಕೊಂಡಿಯಲ್ಲಿರುವ ರಾಯಚೂರು, ದೇವದುರ್ಗ, ಮಾನ್ವಿಯಂತಹ ಊರುಗಳ ದೃಷ್ಟಿಯಿಂದ ನೋಡಿದಾಗ ಇನ್ನೊಂದು ಅಂಶ ಸ್ಪಷ್ಟವಾಗುತ್ತದೆ: ಸರಕು ಕಡಿಮೆಯಾದಾಗ ವಿಳಂಬವು ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಪ್ರತಿಯೊಂದು ಹಂತವೂ ತನ್ನ ವಿಳಂಬವನ್ನು ಮುಂದಿನ ಹಂತಕ್ಕೆ ದಾಟಿಸುತ್ತದೆ. ಕೊನೆಯಲ್ಲಿ ಮುಂಗಡ ಕೊಟ್ಟು ಕಾಯುವ ಗ್ರಾಹಕನ ಬಳಿ ಅದು ನಿಲ್ಲುತ್ತದೆ.

ಉಪಕರಣದ ರಚನೆ

ಹಳೆಯ ಸ್ಟೀರಿಯೋ ಆಂಪ್ಲಿಫೈಯರ್ ಎರಡು ಸ್ಪೀಕರ್‌ಗಳಿಗೆ ಧ್ವನಿಯನ್ನು ವರ್ಧಿಸಿ ಕೊಡುವ ಸರಳ ಯಂತ್ರ. ಎವಿ ರಿಸೀವರ್ ಅದಕ್ಕಿಂತ ಬಹಳ ಸಂಕೀರ್ಣವಾದುದು. ಅದು ಸೆಟ್‌ಟಾಪ್ ಬಾಕ್ಸ್, ಡಿಸ್ಕ್ ಪ್ಲೇಯರ್, ಗೇಮಿಂಗ್ ಕನ್ಸೋಲ್‌ಗಳಿಂದ ಎಚ್‌ಡಿಎಂಐ ಕೇಬಲ್ ಮೂಲಕ ಚಿತ್ರ ಮತ್ತು ಧ್ವನಿಯನ್ನು ಪಡೆಯುತ್ತದೆ. ಚಿತ್ರವನ್ನು ಟಿವಿಗೆ ಕಳುಹಿಸುತ್ತದೆ. ಡಾಲ್ಬಿ, ಡಿಟಿಎಸ್ ಸಂಕೇತಗಳನ್ನು ಬಿಡಿಸಿ ಐದು, ಏಳು ಅಥವಾ ಇನ್ನೂ ಹೆಚ್ಚು ವಾಹಿನಿಗಳಾಗಿ ಹಂಚುತ್ತದೆ. ಆ ಬಳಿಕ ಡಿಜಿಟಲ್ ಸಂಕೇತವನ್ನು ಅನಲಾಗ್ ಸಂಕೇತವಾಗಿ ಪರಿವರ್ತಿಸುವ ಚಿಪ್ ಕೆಲಸ ಮಾಡುತ್ತದೆ. ಅಂತಿಮವಾಗಿ ಟ್ರಾನ್ಸಿಸ್ಟರ್‌ಗಳು ಧ್ವನಿಯನ್ನು ಸ್ಪೀಕರ್‌ಗೆ ಬೇಕಾದಷ್ಟು ವರ್ಧಿಸುತ್ತವೆ.

ಈ ಸಾಲಿನಲ್ಲಿ ಒಂದು ಚಿಪ್ ಇಲ್ಲದಿದ್ದರೂ ಯಂತ್ರ ಪೂರ್ಣವಾಗುವುದಿಲ್ಲ. ಒಂದು ಕಂಪನಿಯ ಪರಿವರ್ತಕ ಚಿಪ್ಪಿನ ಸ್ಥಾನದಲ್ಲಿ ಇನ್ನೊಂದು ಕಂಪನಿಯ ಚಿಪ್ಪನ್ನು ನೇರವಾಗಿ ಕೂರಿಸಲೂ ಆಗದು. ಕಾಲುಗಳ ಜೋಡಣೆ, ವಿದ್ಯುತ್ ಪೂರೈಕೆ, ನಿಯಂತ್ರಣದ ತಂತ್ರಾಂಶ ಎಲ್ಲವೂ ಬೇರೆಯಾಗಿರುವುದರಿಂದ ಸರ್ಕ್ಯೂಟ್ ಬೋರ್ಡನ್ನೇ ಮರುವಿನ್ಯಾಸಗೊಳಿಸಬೇಕಾಗುತ್ತದೆ. ಬೆಲೆಯಲ್ಲಿ ಅಲ್ಪವಾದ ಒಂದು ಬಿಡಿಭಾಗ ದುಬಾರಿ ಯಂತ್ರವೊಂದರ ತಯಾರಿಕೆಯನ್ನು ತಿಂಗಳುಗಟ್ಟಲೆ ತಡೆಯಲು ಇದೇ ಕಾರಣ.

ಕೊರತೆಯ ಕಾರಣಗಳು

ಬೇಡಿಕೆಯ ಏರಿಕೆ: ಕೋವಿಡ್-19ರ ನಿಮಿತ್ತ ಭಾರತದಲ್ಲಿ 2020ರ ಮಾರ್ಚ್ 25ರಿಂದ ರಾಷ್ಟ್ರವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಿತು. ಚಿತ್ರಮಂದಿರಗಳು ಅರ್ಧದಷ್ಟು ಆಸನಗಳೊಂದಿಗೆ ಮತ್ತೆ ತೆರೆಯಲು ಅನುಮತಿ ದೊರೆತದ್ದು ಅಕ್ಟೋಬರ್ 15ರಿಂದ. ಈ ನಡುವೆ ಕನ್ನಡದ 'ಲಾ' ಮತ್ತು 'ಫ್ರೆಂಚ್ ಬಿರಿಯಾನಿ' ಚಿತ್ರಗಳು 2020ರ ಜುಲೈನಲ್ಲಿ ಚಿತ್ರಮಂದಿರಕ್ಕೆ ಬಾರದೆ ನೇರವಾಗಿ ಅಮೆಜಾನ್ ಪ್ರೈಮ್ ವಿಡಿಯೋದಲ್ಲಿ ಬಿಡುಗಡೆಯಾದವು. ಚಿತ್ರಮಂದಿರದ ಅನುಭವವನ್ನು ಮನೆಯೊಳಗೆ ತರುವ ಉಪಕರಣಗಳಿಗೆ ಅನೇಕ ದೇಶಗಳಲ್ಲಿ ಏಕಕಾಲಕ್ಕೆ ಬೇಡಿಕೆ ಹೆಚ್ಚಿತು.

ನೊಬೆಯೋಕದ ಬೆಂಕಿ: 2020ರ ಅಕ್ಟೋಬರ್ 20ರಂದು ಜಪಾನಿನ ಮಿಯಾಝಾಕಿ ಪ್ರಾಂತದ ನೊಬೆಯೋಕ ನಗರದಲ್ಲಿರುವ ಅಸಾಹಿ ಕಾಸೆಯಿ ಮೈಕ್ರೋಡಿವೈಸಸ್ (ಎಕೆಎಂ) ಸಂಸ್ಥೆಯ ಅರೆವಾಹಕ ಕಾರ್ಖಾನೆಗೆ ಬೆಂಕಿ ತಗುಲಿತು. ಬೆಂಕಿ ಪೂರ್ಣವಾಗಿ ನಂದಲು ಮೂರು ದಿನಗಳಿಗೂ ಹೆಚ್ಚು ಕಾಲ ಬೇಕಾಯಿತು. ಉತ್ತಮ ದರ್ಜೆಯ ಧ್ವನಿ ಪರಿವರ್ತಕ ಚಿಪ್‌ಗಳಿಗೆ ಈ ಸಂಸ್ಥೆ ಪ್ರಮುಖ ಮೂಲವಾಗಿದ್ದುದರಿಂದ ಹೋಮ್ ಥಿಯೇಟರ್ ಮಾತ್ರವಲ್ಲದೆ ಧ್ವನಿಮುದ್ರಣ ಉಪಕರಣಗಳ ತಯಾರಿಕೆಗೂ ಪೆಟ್ಟು ಬಿದ್ದಿತು. ಬದಲಿ ತಯಾರಿಕೆಗೆ ನೆರವಾಗಲು ಮುಂದಾದ ರೆನೆಸಾಸ್ ಸಂಸ್ಥೆಯ ನಾಕಾ ಕಾರ್ಖಾನೆಯಲ್ಲಿಯೂ 2021ರ ಮಾರ್ಚ್ 19ರಂದು ಬೆಂಕಿ ಅವಘಡ ಸಂಭವಿಸಿತು. ಹಲವು ತಯಾರಕರು ಅಮೆರಿಕದ ಇಎಸ್‌ಎಸ್, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮೊದಲಾದ ಸಂಸ್ಥೆಗಳ ಚಿಪ್‌ಗಳಿಗೆ ಹೊಂದುವಂತೆ ತಮ್ಮ ಮಾದರಿಗಳನ್ನು ಬದಲಾಯಿಸಿದರು.

ಅರೆವಾಹಕಗಳ ಸಾರ್ವತ್ರಿಕ ಕೊರತೆ: ಮೋಟಾರು ವಾಹನ, ಲ್ಯಾಪ್‌ಟಾಪ್, ಮೊಬೈಲ್ ತಯಾರಕರೆಲ್ಲರೂ ಅದೇ ಕಾರ್ಖಾನೆಗಳ ಮುಂದೆ ಸರತಿಯಲ್ಲಿ ನಿಂತ ಕಾಲವದು. 2021ರ ಫೆಬ್ರುವರಿಯಲ್ಲಿ ಟೆಕ್ಸಾಸ್‌ನ ಶೀತಗಾಳಿಯಿಂದ ಅಲ್ಲಿನ ಚಿಪ್ ಕಾರ್ಖಾನೆಗಳು ಸ್ಥಗಿತಗೊಂಡವು. ಜೂನ್‌ನಲ್ಲಿ ಚಿಪ್ ಪ್ಯಾಕೇಜಿಂಗ್‌ನ ಕೇಂದ್ರವಾದ ಮಲೇಷ್ಯಾದಲ್ಲಿ ಲಾಕ್‌ಡೌನ್ ಜಾರಿಯಾಯಿತು. ಮೊಬೈಲ್ ತಯಾರಕರಿಗೆ ಹೋಲಿಸಿದರೆ ಆಂಪ್ಲಿಫೈಯರ್ ತಯಾರಕರ ಖರೀದಿ ಅತ್ಯಲ್ಪ. ಆದ್ದರಿಂದ ಸರತಿಯಲ್ಲಿ ಅವರ ಸ್ಥಾನ ಹಿಂದೆಯೇ ಉಳಿಯಿತು.

ಎಚ್‌ಡಿಎಂಐ ದೋಷ: 2020ರಲ್ಲಿ ಬಂದ ಡೆನಾನ್, ಮರಾಂಟ್ಜ್, ಯಮಹಾ ರಿಸೀವರ್‌ಗಳ ಕೆಲವು ಮಾದರಿಗಳಲ್ಲಿ ಪ್ಯಾನಾಸೋನಿಕ್ ತಯಾರಿಕೆಯ ಎಚ್‌ಡಿಎಂಐ 2.1 ಚಿಪ್, ಹೊಸ ಗೇಮಿಂಗ್ ಕನ್ಸೋಲ್‌ಗಳ ಉನ್ನತ ಮಟ್ಟದ ಕೆಲವು ಚಿತ್ರಸಂಕೇತಗಳನ್ನು ಸರಿಯಾಗಿ ದಾಟಿಸುತ್ತಿರಲಿಲ್ಲ. ಡೆನಾನ್ ಮತ್ತು ಮರಾಂಟ್ಜ್‌ನ ಮಾತೃಸಂಸ್ಥೆ ಉಚಿತವಾಗಿ ಹೊರ ಅಡಾಪ್ಟರ್ ನೀಡಿತು. ಯಮಹಾ ಬೋರ್ಡ್ ಬದಲಿಸಿಕೊಡುವ ವ್ಯವಸ್ಥೆ ಮಾಡಿತು. ಕೊರತೆಯ ನಡುವೆ ಕೈಗೆ ಸಿಕ್ಕ ಮಾದರಿಯನ್ನು ಕೊಂಡವರು ಈ ದೋಷವನ್ನೂ ಎದುರಿಸಬೇಕಾಯಿತು.

ಸಾಗಣೆ: 2021ರ ಮಾರ್ಚ್ 23ರಿಂದ 29ರವರೆಗೆ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಯಲ್ಲಿ ಸಿಲುಕಿಕೊಂಡಿತು. ಜಪಾನ್, ಮಲೇಷ್ಯಾಗಳಿಂದ ಭಾರತಕ್ಕೆ ಬರುವ ಸರಕು ಮಲಾಕ್ಕಾ ಜಲಸಂಧಿಯ ಮೂಲಕ ಬರುವುದರಿಂದ ಈ ಘಟನೆ ಭಾರತದ ಆಮದಿನ ದಾರಿಯನ್ನು ನೇರವಾಗಿ ತಡೆಯಲಿಲ್ಲ. ಆದರೆ ಆಗಲೇ ಇದ್ದ ಖಾಲಿ ಕಂಟೇನರ್‌ಗಳ ಅಭಾವ ಇದರಿಂದ ಬಿಗಡಾಯಿಸಿತು. ದೂರದ ಕಾಲುವೆಯ ಅಡಚಣೆ ಹತ್ತಿರದ ಬಂದರಿನ ಬಾಡಿಗೆಯಲ್ಲಿ ಕಾಣಿಸಿಕೊಳ್ಳಲು ಇದೇ ಕಾರಣ.

ಒಂಕ್ಯೋ ಪತನ: ಆರ್ಥಿಕ ಮುಗ್ಗಟ್ಟಿನಲ್ಲಿದ್ದ ಒಂಕ್ಯೋ ಹೋಮ್ ಎಂಟರ್‌ಟೈನ್‌ಮೆಂಟ್ ಬಿಡಿಭಾಗ ಪೂರೈಕೆದಾರರಿಗೆ ಹಣ ಪಾವತಿಸಲು ವಿಳಂಬ ಮಾಡಿದ್ದರಿಂದ ಅದರ ತಯಾರಿಕೆ ಕುಂಠಿತವಾಯಿತು. 2021ರಲ್ಲಿ ಅದರ ಹೋಮ್ ಥಿಯೇಟರ್ ವ್ಯವಹಾರ ಶಾರ್ಪ್ ಮತ್ತು ಅಮೆರಿಕದ ವಾಕ್ಸ್ ಸಂಸ್ಥೆಗಳ ಕೈಸೇರಿತು. 2022ರ ಮೇ 13ರಂದು ಕಂಪನಿ ಒಸಾಕಾದಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು.

ಹಿಂದಿನ ನಿದರ್ಶನ

ಧ್ವನಿ ಉಪಕರಣಗಳಿಗೆ ಇಂತಹ ಕೊರತೆ ಹೊಸದಲ್ಲ. 2011ರ ಅಕ್ಟೋಬರ್‌ನಲ್ಲಿ ಥಾಯ್ಲೆಂಡಿನ ಪ್ರವಾಹದಲ್ಲಿ ಅಯುತ್ಥಾಯ ಪ್ರದೇಶದ ಕೈಗಾರಿಕಾ ವಲಯಗಳು ಮುಳುಗಿದಾಗ ಸ್ಯಾನ್ಯೋ ಸೆಮಿಕಂಡಕ್ಟರ್‌ನ ಕಾರ್ಖಾನೆಯೂ ಜಲಾವೃತವಾಗಿ ಮುಂದೆ ಶಾಶ್ವತವಾಗಿ ಮುಚ್ಚಿತು. ಸ್ಯಾನ್ಯೋ ಹೆಸರಿನ ಎಸ್‌ಟಿಕೆ ಸರಣಿಯ ಮಾಡ್ಯೂಲ್‌ಗಳು ಮತ್ತು ಎಲ್‌ಎ4440ನಂತಹ ಐಸಿಗಳು ಭಾರತದ ಸಣ್ಣ ಊರುಗಳಲ್ಲಿ ಕೈಯಿಂದ ಜೋಡಿಸುವ ಆಂಪ್ಲಿಫೈಯರ್‌ಗಳ ಜೀವಾಳವಾಗಿದ್ದವು. ಅಸಲಿ ಭಾಗಗಳು ವಿರಳವಾದಂತೆ ಅದೇ ಹೆಸರು ಮುದ್ರಿಸಿದ ನಕಲಿ ಭಾಗಗಳು ಮಾರುಕಟ್ಟೆಯನ್ನು ತುಂಬಿದವು. ಕೊರತೆಯ ದೀರ್ಘಕಾಲೀನ ಹಾನಿ ಬೆಲೆ ಏರಿಕೆಗಿಂತಲೂ ಹೆಚ್ಚಾಗಿ ನಂಬಿಕೆಯ ಕುಸಿತದಲ್ಲಿದೆ ಎಂಬುದಕ್ಕೆ ಇದು ನಿದರ್ಶನ.

ರಾಯಚೂರು ಜಿಲ್ಲೆಯ ಸಂದರ್ಭ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಜಿಲ್ಲೆಗೆ ಗೃಹೋಪಯೋಗಿ ಸರಕು ಬೆಂಗಳೂರು ಮತ್ತು ಹೈದರಾಬಾದ್ ಎರಡೂ ಕಡೆಯಿಂದ ಬರಬಹುದು. ರಾಯಚೂರು ನಗರ ಮುಂಬೈ–ಚೆನ್ನೈ ರೈಲು ಮಾರ್ಗದಲ್ಲಿದೆ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಈ ಜಿಲ್ಲೆಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಆದರೆ ಕಂಪನಿಗಳ ವಿತರಣೆ ಸಾಮಾನ್ಯವಾಗಿ ರಾಜ್ಯವಾರು ವಿಂಗಡಣೆಯಲ್ಲಿ ನಡೆಯುವುದರಿಂದ, ಅಧಿಕೃತ ಸರಕು ಹತ್ತಿರದ ಊರನ್ನು ಬಿಟ್ಟು ದೂರದ ರಾಜಧಾನಿಯ ಗೋದಾಮಿನಿಂದ ಹೊರಡುವ ಸಂದರ್ಭಗಳೇ ಹೆಚ್ಚು.

ಮಾನ್ವಿ ಮತ್ತು ದೇವದುರ್ಗದ ಸ್ಥಿತಿ ಇನ್ನೂ ಒಂದು ಹಂತ ಕೆಳಗೆ. ಜಿಲ್ಲಾ ಕೇಂದ್ರದಿಂದ ಮಾನ್ವಿ ಸುಮಾರು 45 ಕಿಲೋಮೀಟರ್, ದೇವದುರ್ಗ ಸುಮಾರು 55 ಕಿಲೋಮೀಟರ್ ದೂರದಲ್ಲಿವೆ. ಕೊರತೆಯ ವರ್ಷಗಳಲ್ಲಿ ಎರಡೂ ಊರುಗಳಿಗೆ ರೈಲು ಸಂಪರ್ಕವಿರಲಿಲ್ಲ. ಮಾನ್ವಿಯ ಮೂಲಕ ಹಾದುಹೋಗುವ ಗಿಣಿಗೇರಾ–ರಾಯಚೂರು ಮಾರ್ಗದಲ್ಲಿ ರೈಲು ಸಿಂಧನೂರಿನವರೆಗೆ ಬಂದದ್ದು 2024ರಲ್ಲಿ. ನಾರಾಯಣಪುರ ಜಲಾಶಯದಿಂದ ಹೆಚ್ಚಿನ ನೀರು ಬಿಟ್ಟಾಗ ದೇವದುರ್ಗ–ಶಹಾಪುರ ರಸ್ತೆಯ ಹೂವಿನಹೆಡಗಿ ಸೇತುವೆ ಮುಳುಗಿ ಆ ಕಡೆಯ ಸಂಚಾರ ನಿಲ್ಲುತ್ತದೆ. 2019ರ ಆಗಸ್ಟ್ ಪ್ರವಾಹದಲ್ಲಿಯೂ ಹೀಗಾಗಿತ್ತು.

ಆದರೂ ರಸ್ತೆಯ ದೂರವೊಂದೇ ಇಲ್ಲಿನ ವಿಳಂಬಕ್ಕೆ ಕಾರಣವಲ್ಲ. ಬೆಂಗಳೂರಿನಿಂದ ಲಾರಿ ಒಂದು ರಾತ್ರಿಯಲ್ಲಿ ರಾಯಚೂರು ತಲುಪುತ್ತದೆ. ನಿರ್ಣಾಯಕವಾದದ್ದು ಹಂಚಿಕೆಯ ಕ್ರಮ. ಭಾರತಕ್ಕೆ ಬರುವ ಸರಕು ಮೊದಲೇ ಕಡಿಮೆ. ಅದು ದೊಡ್ಡ ನಗರಗಳ ಪ್ರದರ್ಶನ ಮಳಿಗೆಗಳಿಗೂ ಆನ್‌ಲೈನ್ ಮಾರಾಟಕ್ಕೂ ಹೋದ ಬಳಿಕ ಉಳಿದದ್ದು ಜಿಲ್ಲೆಗಳಿಗೆ. ಜಿಲ್ಲಾ ಕೇಂದ್ರದ ಅಂಗಡಿಯೂ ದುಬಾರಿ ರಿಸೀವರನ್ನು ದಾಸ್ತಾನು ಇಡದೆ, ಗ್ರಾಹಕ ಮುಂಗಡ ಕೊಟ್ಟ ಬಳಿಕ ತರಿಸುವುದೇ ರೂಢಿ. ಸಾಮಾನ್ಯ ಕಾಲದಲ್ಲಿ ಇದರಿಂದ ತೊಂದರೆಯಿಲ್ಲ. ಕೊರತೆಯ ಕಾಲದಲ್ಲಿ ಮಾತ್ರ ಅಂಗಡಿಯವನು ಕೊಡುವ ದಿನಾಂಕ ವಿತರಕನ ಮಾತಿನ ಮೇಲೆ, ವಿತರಕನದು ಆಮದುದಾರನ ಮೇಲೆ, ಆಮದುದಾರನದು ಕಾರ್ಖಾನೆಯ ಮೇಲೆ ನಿಲ್ಲುತ್ತದೆ. ಆ ದಿನಾಂಕ ಅಂಗಡಿಯವನ ಕೈಯಲ್ಲಿರುವುದಿಲ್ಲ.

2020ರ ಮೇ ತಿಂಗಳ ಆರಂಭ ಇದಕ್ಕೆ ಉತ್ತಮ ಉದಾಹರಣೆ. ಕೇಂದ್ರ ಸರ್ಕಾರದ ವರ್ಗೀಕರಣದಲ್ಲಿ ಆಗ ರಾಯಚೂರು ಹಸಿರು ವಲಯದಲ್ಲಿತ್ತು; ಬೆಂಗಳೂರು ನಗರ ಕೆಂಪು ವಲಯದಲ್ಲಿತ್ತು. ಮೇ 4ರಿಂದ ಹಸಿರು ಮತ್ತು ಕಿತ್ತಳೆ ವಲಯಗಳಲ್ಲಿ ಅಗತ್ಯೇತರ ವಸ್ತುಗಳ ಆನ್‌ಲೈನ್ ಮಾರಾಟಕ್ಕೂ ಅನುಮತಿ ದೊರೆಯಿತು. ಕೊಳ್ಳುವ ಊರು ತೆರೆದಿದ್ದರೂ ಸರಕು ಹೊರಡಬೇಕಾದ ನಗರ ನಿರ್ಬಂಧದಲ್ಲಿತ್ತು. ಪೂರೈಕೆಯ ವೇಗವನ್ನು ನಿರ್ಧರಿಸುವುದು ಗ್ರಾಹಕನ ಊರಲ್ಲ, ಗೋದಾಮಿನ ಊರು.

ಜಿಲ್ಲೆಯ ಆದಾಯದ ಋತುಮಾನವೂ ಇಲ್ಲಿ ಗಮನಾರ್ಹ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಮಾನ್ವಿ ಭಾಗದ ಭತ್ತ, ನಾರಾಯಣಪುರ ಬಲದಂಡೆ ಕಾಲುವೆಯ ನೀರಿನಲ್ಲಿ ದೇವದುರ್ಗ ಭಾಗದ ಬೆಳೆ, ಜೊತೆಗೆ ಹತ್ತಿ ಇಲ್ಲಿನ ಹಣದ ಮೂಲಗಳು. ತಿಂಗಳ ಸಂಬಳವಿರುವ ಕುಟುಂಬ ಮುಂದಿನ ತಿಂಗಳಿಗೆ ಖರೀದಿಯನ್ನು ಮುಂದೂಡಬಲ್ಲದು. ಸುಗ್ಗಿಯ ಹಣ ನಂಬಿದ ಕುಟುಂಬಕ್ಕೆ ಮುಂಗಡವಾಗಿ ಸಿಲುಕಿದ ಹಣ ಬೀಜ, ಗೊಬ್ಬರ, ಶಾಲಾ ಶುಲ್ಕಗಳ ಕಾಲಕ್ಕೂ ಹಿಂದಿರುಗದೆ ಹೋಗಬಹುದು. ಐಷಾರಾಮಿ ವಸ್ತುವಿನ ವಿಳಂಬ ಎಂದು ತೋರುವ ಸಂಗತಿ ಅಂತಹ ಮನೆಯಲ್ಲಿ ನಗದಿನ ಪ್ರಶ್ನೆಯಾಗುತ್ತದೆ.

ಪರ್ಯಾಯಗಳು

ಕೊರತೆಯ ಅವಧಿಯಲ್ಲಿ ಗ್ರಾಹಕರ ಮುಂದೆ ಮುಖ್ಯವಾಗಿ ಮೂರು ದಾರಿಗಳಿದ್ದವು. ಮೊದಲನೆಯದು ಸೌಂಡ್‌ಬಾರ್. ಇದು ಅಗ್ಗ, ಜೋಡಣೆ ಸುಲಭ. ಆದರೆ ಒಂದು ಭಾಗ ಕೆಟ್ಟರೆ ಬಹುತೇಕ ಇಡೀ ಉಪಕರಣವನ್ನೇ ಬದಲಿಸಬೇಕು. ಎರಡನೆಯದು ಅನಧಿಕೃತ ಆಮದು. ಜಪಾನ್ ಅಥವಾ ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಯಂತ್ರಗಳು 100 ಅಥವಾ 120 ವೋಲ್ಟಿನವು. ಭಾರತದ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತವೆ, ಭಾರತದಲ್ಲಿ ಕಂಪನಿಯ ಖಾತರಿಯೂ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಮೂರನೆಯದು ಹಳೆಯ ಯಂತ್ರದ ದುರಸ್ತಿ ಅಥವಾ ಸ್ಥಳೀಯ ಜೋಡಣೆ. ಹೈದರಾಬಾದಿನ ಕೋಠಿ, ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಿಂದ ಬಿಡಿಭಾಗ ತಂದು ಆಂಪ್ಲಿಫೈಯರ್ ಕಟ್ಟುವ ಕಸುಬು ಇಂದಿಗೂ ಉಳಿದಿದೆ. ಇಂತಹ ಯಂತ್ರಗಳಲ್ಲಿ ಸಾಮಾನ್ಯವಾಗಿ ಡಾಲ್ಬಿ ಆಟ್ಮಾಸ್ ಸೌಲಭ್ಯ ಇರುವುದಿಲ್ಲ. ಆದರೆ ಕೆಟ್ಟಾಗ ಬಿಚ್ಚಿ ಸರಿಪಡಿಸುವವರು ಊರಿನಲ್ಲೇ ಸಿಗುತ್ತಾರೆ.

ಮುಂಗಡ ಹಣ ಮತ್ತು ಗ್ರಾಹಕರ ಹಕ್ಕು

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಬಹುಪಾಲು ವಿಧಿಗಳು 2020ರ ಜುಲೈನಲ್ಲಿ, ಅಂದರೆ ಕೊರತೆ ಆರಂಭವಾಗುವ ಕೆಲವೇ ತಿಂಗಳ ಮೊದಲು, ಜಾರಿಗೆ ಬಂದವು. ಅದರೊಂದಿಗೆ ಬಂದ ಇ-ವಾಣಿಜ್ಯ ನಿಯಮಗಳ ಪ್ರಕಾರ, ತಿಳಿಸಿದ ಅವಧಿಗಿಂತ ತಡವಾಗಿ ಬಂದ ಸರಕನ್ನು ಹಿಂಪಡೆಯಲು ಅಥವಾ ಹಣ ಮರಳಿಸಲು ಆನ್‌ಲೈನ್ ಮಾರಾಟಗಾರ ನಿರಾಕರಿಸುವಂತಿಲ್ಲ. ಮಾನವ ನಿಯಂತ್ರಣಕ್ಕೆ ಮೀರಿದ ಘಟನೆಯಿಂದಾದ ವಿಳಂಬಕ್ಕೆ ಮಾತ್ರ ವಿನಾಯಿತಿ ಇದೆ. ಜಪಾನಿನ ಕಾರ್ಖಾನೆಯ ಬೆಂಕಿ ಆ ವಿನಾಯಿತಿಗೆ ಒಳಪಡುತ್ತದೆಯೇ ಎಂಬುದು ಆಯಾ ಪ್ರಕರಣದ ವಿವರಗಳನ್ನು ಅವಲಂಬಿಸಿದ್ದು. ಆದರೆ ಕೊರತೆ ಬಹಿರಂಗವಾದ ಬಳಿಕವೂ ನಿಶ್ಚಿತ ದಿನಾಂಕದ ಭರವಸೆ ಕೊಟ್ಟು ಮುಂಗಡ ಪಡೆಯುವುದನ್ನು ಅನಿರೀಕ್ಷಿತ ಘಟನೆಯ ಫಲ ಎಂದು ಸಮರ್ಥಿಸುವುದು ಕಷ್ಟ.

ಸಣ್ಣ ಊರುಗಳ ಗ್ರಾಹಕರಿಗೆ ಈ ಕಾಯ್ದೆಯ ಮಹತ್ವದ ಅಂಶ ಬೇರೊಂದಿದೆ. ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು. ಮಾರಾಟಗಾರ ಬೆಂಗಳೂರಿನಲ್ಲಿದ್ದರೂ ದೇವದುರ್ಗ ಅಥವಾ ಮಾನ್ವಿಯವರು ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗವನ್ನು ಸಂಪರ್ಕಿಸಿದರೆ ಸಾಕು. 5 ಲಕ್ಷ ರೂಪಾಯಿವರೆಗಿನ ಮೌಲ್ಯದ ದೂರುಗಳಿಗೆ ಶುಲ್ಕವಿಲ್ಲ. ವ್ಯಾಜ್ಯದ ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಗಿಂತ ಹೆಚ್ಚು ವಸೂಲಿ ಮಾಡುವುದು ಕೊರತೆಯ ಕಾಲದಲ್ಲಿಯೂ ಕಾನೂನುಬಾಹಿರ.

ಈ ಹಕ್ಕುಗಳು ಫಲ ಕೊಡಬೇಕಾದರೆ ಲಿಖಿತ ಆಧಾರ ಬೇಕು. ಮಾದರಿಯ ಸಂಖ್ಯೆ, ಒಪ್ಪಿದ ಬೆಲೆ, ಸರಕು ತಲುಪಿಸುವ ದಿನಾಂಕ ಮತ್ತು ತಪ್ಪಿದಲ್ಲಿ ಮುಂಗಡ ಮರಳಿಸುವ ಷರತ್ತು ಇರುವ ರಸೀದಿ, ಬಾಯಿಮಾತಿನ ಭರವಸೆಗಿಂತ ಬಲವಾದ ಸಾಕ್ಷ್ಯ. ಪರಿಚಯದ ಮೇಲೆ ವ್ಯವಹಾರ ನಡೆಯುವ ಊರುಗಳಲ್ಲಿ ಇಂತಹ ರಸೀದಿ ಕೇಳುವುದು ಸಂಕೋಚದ ವಿಷಯವಾಗಿ ಕಾಣಬಹುದು. ವಾಸ್ತವದಲ್ಲಿ ಅದು ಅಂಗಡಿಯವನಿಗೂ ರಕ್ಷಣೆ, ಏಕೆಂದರೆ ವಿತರಕನಿಂದ ಅವನೂ ಅಂಥದೇ ಲಿಖಿತ ದಿನಾಂಕ ಕೇಳಲು ಆಧಾರ ದೊರೆಯುತ್ತದೆ.

ನಂತರದ ಬೆಳವಣಿಗೆಗಳು

ಎಕೆಎಂ 2022ರಲ್ಲಿ ಹೊಸ ಪರಿವರ್ತಕ ಚಿಪ್‌ಗಳೊಂದಿಗೆ ಮಾರುಕಟ್ಟೆಗೆ ಮರಳಿತು. ರಿಸೀವರ್‌ಗಳ ಪೂರೈಕೆಯೂ ಕ್ರಮೇಣ ಸುಧಾರಿಸಿತು. ಆದರೆ ಅಡಚಣೆಗಳು ರೂಪ ಬದಲಿಸಿ ಮರಳಿವೆ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಭೂಧಾತುಗಳ ರಫ್ತಿನ ಮೇಲೆ ನಿಯಂತ್ರಣ ಹೇರಿತು. ಅವುಗಳಲ್ಲಿ ಸೇರಿದ ಡಿಸ್ಪ್ರೋಸಿಯಂ ಮತ್ತು ಟರ್ಬಿಯಂ ಪ್ರಬಲ ಆಯಸ್ಕಾಂತಗಳ ತಯಾರಿಕೆಯಲ್ಲಿ ಬಳಕೆಯಾಗುವುದರಿಂದ ಭಾರತದ ಸ್ಪೀಕರ್ ತಯಾರಕರು ತೊಂದರೆಗೊಳಗಾದರು. ಅದೇ ವರ್ಷದ ಕೊನೆಗೆ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರತೊಡಗಿತು. ಎವಿ ರಿಸೀವರ್‌ಗಳಿಗೂ ಮೆಮೊರಿ ಚಿಪ್ ಬೇಕು. ದತ್ತಾಂಶ ಕೇಂದ್ರಗಳ ಮುಂದೆ ಅವುಗಳ ತಯಾರಕರು ಮತ್ತೊಮ್ಮೆ ಸಣ್ಣ ಖರೀದಿದಾರರೇ.

ಬೆಂಕಿ, ಪ್ರವಾಹ, ನಿರ್ಬಂಧ, ಬೇಡಿಕೆಯ ಏರಿಕೆ ಹೀಗೆ ಕಾರಣ ಯಾವುದಾದರೂ ಪರಿಣಾಮದ ದಿಕ್ಕು ಒಂದೇ. ಸರಪಳಿಯ ಮೇಲ್ತುದಿಯಲ್ಲಿ ವಾರಗಳ ಲೆಕ್ಕದ ವಿಳಂಬ ಕೆಳತುದಿಗೆ ಬರುವಾಗ ತಿಂಗಳುಗಳಾಗುತ್ತದೆ. ಚಿಪ್ ಕಾರ್ಖಾನೆಗಳ ಸ್ಥಿತಿಯನ್ನು ಮಾನ್ವಿ ಅಥವಾ ದೇವದುರ್ಗದ ಗ್ರಾಹಕ ಬದಲಿಸಲಾರ. ಮುಂಗಡದ ಷರತ್ತು, ದುರಸ್ತಿಗೆ ಒದಗುವ ಉಪಕರಣದ ಆಯ್ಕೆ ಮತ್ತು ದೂರು ಸಲ್ಲಿಸುವ ಹಕ್ಕು ಮಾತ್ರ ಅವನ ಕೈಯಲ್ಲೇ ಇವೆ.