ಕೆರಳಿದ ಮನಸ್ಸಿಗೆ ಸಂಕೋಲೆ ಮದ್ದಲ್ಲ

ಮನೋರೋಗದ ಆಸ್ಪತ್ರೆ ಎಂದೊಡನೆ ನಮ್ಮ ಜನರ ಕಣ್ಣೆದುರು ನಿಲ್ಲುವುದು ಸರಪಳಿ, ಕಬ್ಬಿಣದ ಬಾಗಿಲು, ಕೂಗಾಡುವ ರೋಗಿ. ಈ ಚಿತ್ರ ಬಹುಮಟ್ಟಿಗೆ ತಪ್ಪಾದುದು. ಮಾನಸಿಕ ಅಸ್ವಸ್ಥರಲ್ಲಿ ಬಹುಸಂಖ್ಯರು ಯಾರ ಮೇಲೂ ಕೈಮಾಡುವವರಲ್ಲ. ಆದರೂ ಕೆಲವರು ಕೆಲವು ಗಳಿಗೆಗಳಲ್ಲಿ ಕೆರಳುವುದುಂಟು. ಆ ಗಳಿಗೆಯನ್ನು ತಡೆಯುವುದು ಹೇಗೆ, ಅದರಲ್ಲಿ ಮನೆಯವರ ಪಾಲೇನು ಎಂಬುದು ವಿಚಾರಾರ್ಹ.

ಅಂತೂರ ಬೆಂತೂರದಂತಹ ನಮ್ಮ ಗದಗ ಸೀಮೆಯ ಹಳ್ಳಿಗಳಿಗೆ ಸಮೀಪದ ದೊಡ್ಡ ಮಾನಸಿಕ ಆಸ್ಪತ್ರೆ ಧಾರವಾಡದ್ದು. 1845ರಲ್ಲಿ ಆರಂಭವಾದ ಅದು ಇಂದು ಡಿಮ್ಹಾನ್ಸ್ ಎಂಬ ಹೆಸರಿನಿಂದ ಪರಿಚಿತವಾಗಿದೆ. ಒಂದು ಕಾಲಕ್ಕೆ ಜಗತ್ತಿನಲ್ಲೆಲ್ಲ ಇಂತಹ ರೋಗಿಗಳನ್ನು ಕಟ್ಟಿಹಾಕುವುದೇ ರೂಢಿಯಾಗಿತ್ತು. ಫ್ರಾನ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ 1797ರಲ್ಲಿ ಸರಪಳಿ ಬಿಡಿಸಿದ ಪುಸ್ಸ್ಯಾಂ ವೈದ್ಯನಾಗಿರಲಿಲ್ಲ. ರೋಗಿಗಳೊಡನೆ ದಿನವೂ ಬಾಳಿದ ಮೇಲ್ವಿಚಾರಕನಾಗಿದ್ದನು. ಸೇವಕರು ರೋಗಿಯನ್ನು ಹೊಡೆಯಕೂಡದೆಂಬುದು ಅವನ ಕಟ್ಟಪ್ಪಣೆಯಾಗಿತ್ತು.

ನಮ್ಮ ನಾಡು ಈ ಪಾಠವನ್ನು ಕಲಿತದ್ದು ತಡವಾಗಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯ ಖಾಸಗಿ ಆಶ್ರಯಧಾಮಕ್ಕೆ ಬೆಂಕಿ ತಗುಲಿದಾಗ, ಸರಪಳಿಯಲ್ಲಿದ್ದವರು ಓಡಲಾಗದೆ 28 ಮಂದಿ ಅಸುನೀಗಿದರು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಸರಪಳಿಯನ್ನು ಸಂಪೂರ್ಣ ನಿಷೇಧಿಸಿದೆ. ಒಡನೆಯೇ ಒದಗಬಹುದಾದ ಅಪಾಯವನ್ನು ತಪ್ಪಿಸಲು ಬೇರೆ ದಾರಿಯಿಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ರೋಗಿಯನ್ನು ನಿರ್ಬಂಧಿಸಬಹುದು. ಶಿಕ್ಷೆಗಾಗಿ ಅಥವಾ ಸಿಬ್ಬಂದಿ ಸಾಲದೆಂದು ಹಾಗೆ ಮಾಡುವಂತಿಲ್ಲ. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ತಾಸಿನೊಳಗೆ ತಿಳಿಸಬೇಕು.

ಹಾಗಾದರೆ ತಡೆಯುವ ಉಪಾಯವೇನು? ಕೋಪವು ಸಾಮಾನ್ಯವಾಗಿ ಮುನ್ಸೂಚನೆ ಕೊಟ್ಟೇ ಬರುತ್ತದೆ. ಅತ್ತಿತ್ತ ಅಡ್ಡಾಡುವುದು, ಮುಷ್ಟಿ ಬಿಗಿಯುವುದು, ದನಿ ಏರಿಸುವುದು, ನಿದ್ದೆಗೆಡುವುದು ಅದರ ಗುರುತುಗಳು. ಅನುಭವಿ ದಾದಿಯರು ಇವನ್ನು ಕಂಡೊಡನೆ ಸುತ್ತಲಿನ ಗದ್ದಲ ಕಡಿಮೆ ಮಾಡುತ್ತಾರೆ. ಒಬ್ಬರೇ, ಎರಡು ತೋಳಿನಷ್ಟು ದೂರ ನಿಂತು, ಬಾಗಿಲಿಗೆ ಅಡ್ಡವಾಗದೆ, ಮೆಲುದನಿಯಲ್ಲಿ ಮಾತನಾಡುತ್ತಾರೆ. ರೋಗಿಯ ಭ್ರಮೆಯೊಡನೆ ವಾದಕ್ಕಿಳಿಯುವುದಿಲ್ಲ. ಹಸಿವೋ ನೋವೋ ಭಯವೋ ಎಂದು ವಿಚಾರಿಸುತ್ತಾರೆ. ಅಗತ್ಯವಿದ್ದಲ್ಲಿ ವೈದ್ಯರು ಔಷಧ ಕೊಡುತ್ತಾರೆ.

ಆದರೆ ದಾದಿಯು ಮುಂಜಾಗ್ರತೆ ವಹಿಸಬೇಕಾದರೆ ರೋಗಿಯ ಪೂರ್ವವೃತ್ತಾಂತ ತಿಳಿದಿರಬೇಕಷ್ಟೆ? ಇಲ್ಲಿಯೇ ನಮ್ಮ ಮನೆತನಗಳ ಮರ್ಯಾದೆ ಅಡ್ಡಬರುತ್ತದೆ. ಮಗ ಕುಡಿಯುತ್ತಾನೆಂದು ಹೇಳಲು ತಂದೆ ನಾಚುತ್ತಾನೆ. ಹಿಂದೊಮ್ಮೆ ಕೈಯೆತ್ತಿದ್ದನ್ನು ತಾಯಿ ಮುಚ್ಚಿಡುತ್ತಾಳೆ. ನಿತ್ಯ ವಿಪರೀತ ಕುಡಿಯುವವನಿಗೆ ಥಟ್ಟನೆ ಮದ್ಯ ತಪ್ಪಿದರೆ, ಎರಡು-ಮೂರು ದಿನಗಳಲ್ಲಿ ನಡುಕ, ದಿಗ್ಭ್ರಮೆ, ಉದ್ರೇಕಗಳು ತಲೆದೋರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ವೈದ್ಯರಿಗೆ ಮೊದಲೇ ತಿಳಿದಿದ್ದರೆ ಚಿಕಿತ್ಸೆಯಿಂದ ಇದನ್ನು ಬಹುಮಟ್ಟಿಗೆ ತಡೆಯಬಹುದು. ಮುಚ್ಚಿಟ್ಟ ಮಾತಿನ ಫಲವನ್ನು ರೋಗಿಯೂ ದಾದಿಯೂ ಪಕ್ಕದ ಮಂಚದವನೂ ಉಣ್ಣಬೇಕಾಗುತ್ತದೆ.

ಆದುದರಿಂದ ಗೃಹಸ್ಥರು ಕೆಲವು ವಿಷಯಗಳನ್ನು ಗಮನದಲ್ಲಿಡುವುದು ಒಳ್ಳೆಯದು. ಜಾತ್ರೆಗೋ ಬೀಗರ ಮನೆಗೋ ಎಂದು ಸುಳ್ಳು ಹೇಳಿ ರೋಗಿಯನ್ನು ಆಸ್ಪತ್ರೆಗೆ ಒಯ್ಯಬಾರದು. ಮೋಸಹೋದೆನೆಂಬ ಸಿಟ್ಟು ಅಲ್ಲಿಯೇ ಸಿಡಿಯುತ್ತದೆ. ಕುಡಿತ, ಹಿಂದಿನ ಜಗಳ, ನಿಲ್ಲಿಸಿದ ಮಾತ್ರೆ, ಅವನನ್ನು ಕೆರಳಿಸುವ ಸಂಗತಿ, ಸಮಾಧಾನಪಡಿಸುವ ಸಂಗತಿ, ಇವೆಲ್ಲವನ್ನೂ ವೈದ್ಯರಿಗೆ ಅರುಹಬೇಕು. ಸೇರಿಸಿದ ಮೇಲೆ ಕೈಬಿಡದೆ ಭೇಟಿಗೆ ಹೋಗುತ್ತಿರಬೇಕು. ದಾರಿ ತೋಚದಾಗ 14416 ಸಂಖ್ಯೆಯ ಟೆಲಿ-ಮಾನಸ್ ದೂರವಾಣಿಯಲ್ಲಿ ಹಗಲಿರುಳು ಉಚಿತ ಸಲಹೆ ದೊರೆಯುತ್ತದೆ.

ಮನೆಯ ಮಾನ ಕಾಯುವುದು ತಪ್ಪಲ್ಲ. ಆದರೆ ವೈದ್ಯರ ಮುಂದೆ ಬಾಯಿ ಬಿಡದೆ ಕಾಯ್ದ ಮಾನಕ್ಕೆ ಮನೆಯ ಮಗನೇ ಬೆಲೆ ತೆರುವಂತಾಗಬಾರದು.