ಹಳೆಯ ಚಾಸಿಗೆ ಹೊಸ ಎಂಜಿನು

ಅಕ್ಕಲಕೋಟೆಯ ಕಡೆಯ ವಾಚಕರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಐ.ಟಿ.ಐ.ಯಲ್ಲಿ ಮೋಟಾರು ಮೆಕ್ಯಾನಿಕ್ ವಿದ್ಯೆ ಕಲಿಯುತ್ತಿರುವ ಅವರ ಮಗನು ಅಮೆರಿಕದ ಮುದಿ ಟ್ರಕ್ಕುಗಳಿಗೆ ಬೇರೆ ಎಂಜಿನು ಕೂಡಿಸುವ ಚಿತ್ರಗಳನ್ನು ಮೊಬೈಲಿನಲ್ಲಿ ರಾತ್ರಿಯೆಲ್ಲ ನೋಡುತ್ತಾನಂತೆ. ಇದು ವಿದ್ಯೆಯೋ, ಹೊತ್ತುಗಳೆಯುವ ಚಟವೋ ಎಂಬುದು ತಂದೆಯವರ ಪ್ರಶ್ನೆ. ಕೆಲಸದ ಒಳಗೆ ಏನಿದೆ ಎಂಬುದನ್ನು ನೋಡದೆ ತೀರ್ಪು ಕೊಡುವುದು ನ್ಯಾಯವಲ್ಲವಾದುದರಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಅಮೆರಿಕದಲ್ಲಿ ಈ ಹವ್ಯಾಸಿಗಳ ಕೈಗೆ ಬಹಳವಾಗಿ ಸಿಕ್ಕಿದ ವಾಹನಗಳಲ್ಲಿ ಶೆವರ್ಲೆ ಕಂಪೆನಿಯ 3100 ಎಂಬ ಅರ್ಧ ಟನ್ನಿನ ಪಿಕಪ್ ಒಂದು. 1947ರ ಬೇಸಿಗೆಯಿಂದ 1955ರ ಆರಂಭದವರೆಗೆ ಅದು ಒಂದೇ ದುಂಡು ಮೋರೆಯಲ್ಲಿ ತಯಾರಾಯಿತು. ಶೆವರ್ಲೆ ಎಂಬ ಹೆಸರು ನಮ್ಮ ಹಿರಿಯರಿಗೆ ಹೊಸದಲ್ಲ. 1928ರಿಂದ 1954ರವರೆಗೆ ಜನರಲ್ ಮೋಟಾರ್ಸ್ ಕಂಪೆನಿಯು ಮುಂಬಯಿಯ ಸೇವರಿಯಲ್ಲಿ ತನ್ನ ಮೋಟಾರುಗಳನ್ನು ಜೋಡಿಸಿ ಮಾರುತ್ತಿದ್ದಿತು. 3100ರ ಮೊದಲ ವರ್ಷಗಳಲ್ಲಿ ಇದ್ದುದು 216 ಘನ ಅಂಗುಲದ, ಆರು ಸಿಲಿಂಡರಿನ ಎಂಜಿನು. ಅದರ ಶಕ್ತಿ 90 ಅಶ್ವಶಕ್ತಿ. ಹಳ್ಳಿಯ ಹೊಲದಿಂದ ಪೇಟೆಗೆ ಕಾಳು ಸಾಗಿಸಲು ಅದು ಧಾರಾಳವಾಯಿತು. ಆದರೆ 1956ರ ತರುವಾಯ ಆ ದೇಶದಲ್ಲಿ ಹಾಸಲ್ಪಟ್ಟ ಅಗಲವಾದ ಹೆದ್ದಾರಿಗಳಲ್ಲಿ ಗಂಟೆಗಟ್ಟಲೆ ವೇಗವಾಗಿ ಓಡುವುದು ಆ ಎಂಜಿನಿನ ಬಾಬಿಟ್ ಬೇರಿಂಗುಗಳಿಗೆ ಹೇಳಿಸಿದ ಕೆಲಸವಲ್ಲ.

1955ರಲ್ಲಿ ಅದೇ ಕಂಪೆನಿಯು 265 ಘನ ಅಂಗುಲದ ಎಂಟು ಸಿಲಿಂಡರಿನ 'ವಿ' ಆಕಾರದ ಎಂಜಿನನ್ನು ಹೊರತಂದಿತು. ಅದರ ವಂಶದಲ್ಲೇ 1967ರಲ್ಲಿ 350 ಘನ ಅಂಗುಲದ್ದು, ಎಂದರೆ 5.7 ಲೀಟರಿನದು, ಬಂದಿತು. ಕ್ಯಾಮರೋ ಕಾರಿನಲ್ಲಿ ಅದಕ್ಕೆ 295 ಅಶ್ವಶಕ್ತಿಯೆಂದು ಕಂಪೆನಿಯೇ ಸಾರಿತು. 1969ರಲ್ಲಿ ಟರ್ಬೊ ಹೈಡ್ರಮ್ಯಾಟಿಕ್ 350 ಎಂಬ, ತಾನಾಗಿ ಬದಲಾಗುವ ಮೂರು ಗೇರಿನ ಪೆಟ್ಟಿಗೆ ದೊರೆಯಿತು. ಈ ಜೋಡಿಯ ಬಿಡಿಭಾಗಗಳು ಅಲ್ಲಿ ಊರೂರಿಗೆ ಸಿಗುತ್ತವೆ. ಹೀಗಾಗಿ ಹಳೆಯ ಪಿಕಪ್ಪಿಗೆ ಈ ಜೋಡಿಯನ್ನು ಕೂಡಿಸುವುದು ಅಲ್ಲಿನ ಗ್ಯಾರೇಜುಗಳಲ್ಲಿ ಒಂದು ಸಂಪ್ರದಾಯವೇ ಆಗಿದೆ.

ನೋಡುವವರಿಗೆ ಎಂಜಿನು ಸರಪಳಿಯಲ್ಲಿ ತೂಗುತ್ತ ಇಳಿಯುವ ಗಳಿಗೆಯೇ ದೊಡ್ಡದಾಗಿ ಕಾಣುತ್ತದೆ. ನಮ್ಮ ಅಭಿಪ್ರಾಯದಲ್ಲಿ ನಿಜವಾದ ಕೆಲಸವಿರುವುದು ಅದು ಎಲ್ಲಿ, ಯಾವ ಓರೆಯಲ್ಲಿ ಕೂರಬೇಕೆಂಬ ಲೆಕ್ಕದಲ್ಲಿ. ಹಳೆಯ ಎಂಜಿನು ಮುಂದೆ ಒಂದು ಕಡೆ, ಹಿಂದೆ ಕ್ಲಚ್ಚಿನ ಹೊದಿಕೆಯ ಎರಡು ಪಕ್ಕದಲ್ಲಿ ಆತುಕೊಂಡಿರುತ್ತಿತ್ತು. ಆ ಹೊದಿಕೆ ಹೋದ ಮೇಲೆ ಹಿಂದಿನ ಆಧಾರವೂ ಹೋಯಿತು. ಎಂಜಿನಿನ ಎರಡು ಪಕ್ಕಕ್ಕೆ ಹೊಸ ಫೌಂಡೇಶನ್ ರಬ್ಬರುಗಳನ್ನೂ, ಗೇರುಪೆಟ್ಟಿಗೆಯ ಬಾಲದ ಕೆಳಗೆ ಒಂದು ಅಡ್ಡತೊಲೆಯನ್ನೂ ಕೊಡಬೇಕು. ಜಾಗವಾದರೋ ಇಕ್ಕಟ್ಟು. ಈ ಎಂಜಿನಿನ ಡಿಸ್ಟ್ರಿಬ್ಯೂಟರು ಹಿಂಭಾಗದಲ್ಲಿದೆ. ಹಿಂದಕ್ಕೆ ಸರಿಸಿದರೆ ಅದು ಕ್ಯಾಬಿನ್ನಿನ ತಗಡಿಗೆ ತಗಲುತ್ತದೆ. ಮುಂದಕ್ಕೆ ತಂದರೆ ಫ್ಯಾನು ರೇಡಿಯೇಟರನ್ನು ಮುಟ್ಟುತ್ತದೆ. ಎಡಕ್ಕೆ ಸ್ಟಿಯರಿಂಗಿನ ದಂಡ (ಅಮೆರಿಕದಲ್ಲಿ ಚಾಲಕನು ಎಡಗಡೆ ಕೂರುತ್ತಾನಷ್ಟೆ), ಕೆಳಗೆ ಮುಂದಿನ ಆಕ್ಸಲ್ಲು. ಆದುದರಿಂದ ಕ್ಯಾಬಿನ್ನು, ರೇಡಿಯೇಟರು, ಬಾನೆಟ್ಟು ಇವನ್ನೆಲ್ಲ ಅವುಗಳ ಸ್ಥಾನದಲ್ಲೇ ಇರಿಸಿ, ಗಾಡಿಯನ್ನು ತನ್ನ ಗಾಲಿಗಳ ಮೇಲೆ ನಿಲ್ಲಿಸಿ ಅಳೆಯತಕ್ಕದ್ದು. ಜಾಣರು ಮೊದಲಿಗೆ ಟ್ಯಾಕ್ ಮಾತ್ರ ಹೊಡೆದು, ಮತ್ತೆ ಮತ್ತೆ ಅಳೆದು, ಪೂರ್ತಿ ವೆಲ್ಡಿಂಗನ್ನು ಕಟ್ಟಕಡೆಗೆ ಇಟ್ಟುಕೊಳ್ಳುತ್ತಾರೆ.

ಇನ್ನು ಓರೆಯ ವಿಚಾರ. ಹಳೆಯ ಶೆವರ್ಲೆಯಲ್ಲಿ ಗೇರುಪೆಟ್ಟಿಗೆಯಿಂದ ಹಿಂದಿನ ಹೌಸಿಂಗಿಗೆ ಹೋಗುವ ಶಾಫ್ಟು ದಪ್ಪ ಕೊಳವೆಯೊಂದರ ಒಳಗೆ ತಿರುಗುತ್ತಿತ್ತು. ಯೂನಿವರ್ಸಲ್ ಜಾಯಿಂಟು ಮುಂದೆ ಒಂದೇ. ಹೊಸ ಗೇರುಪೆಟ್ಟಿಗೆಗೆ ಆ ಕೊಳವೆ ಹೊಂದುವುದಿಲ್ಲ. ಹೀಗಾಗಿ ಹಿಂದಿನ ಹೌಸಿಂಗನ್ನೇ ಬದಲಿಸಿ, ಎರಡು ಜಾಯಿಂಟಿನ ತೆರೆದ ಶಾಫ್ಟನ್ನು ಹಾಕಬೇಕಾಗುತ್ತದೆ. ಎಂಜಿನು ಕೊಂಡು ತಂದ ಮೇಲೆ ಈ ಖರ್ಚನ್ನು ಕಂಡು ಬೆಚ್ಚುವವರು ಅನೇಕರು.

ಯೂನಿವರ್ಸಲ್ ಜಾಯಿಂಟಿಗೆ ಹುಕ್ಕನ ಜಾಯಿಂಟೆಂದೂ ಹೆಸರಿದೆ; ಸ್ಪ್ರಿಂಗಿನ ನಿಯಮದಲ್ಲಿ ನಮ್ಮ ಮಕ್ಕಳು ಬಾಯಿಪಾಠ ಮಾಡುವ ರಾಬರ್ಟ್ ಹುಕ್ಕನೇ ಇವನು. ಈ ಜಾಯಿಂಟಿಗೆ ಒಂದು ವಿಚಿತ್ರ ಗುಣವಿದೆ. ಅದನ್ನು ಓರೆಯಾಗಿ ನಡೆಸಿದರೆ, ಈ ಕಡೆಯ ಶಾಫ್ಟು ಒಂದೇ ವೇಗದಲ್ಲಿ ತಿರುಗಿದರೂ ಆ ಕಡೆಯದು ಸುತ್ತಿಗೆ ಎರಡು ಬಾರಿ ಹೆಚ್ಚಿ, ಎರಡು ಬಾರಿ ಕುಗ್ಗುತ್ತದೆ. 3 ಡಿಗ್ರಿ ಓರೆಯಲ್ಲಿ ಈ ಏರಿಳಿತ ನೂರಕ್ಕೆ 0.14 ಮಾತ್ರ, 10 ಡಿಗ್ರಿಯಾದರೆ ನೂರಕ್ಕೆ ಒಂದೂವರೆ. ಶಾಫ್ಟು ನಿಮಿಷಕ್ಕೆ ಮೂರು ಸಾವಿರ ಸುತ್ತು ಹಾಕುವಾಗ ಆ ಒಂದೂವರೆಯೇ ಇಡೀ ಗಾಡಿಯನ್ನು ನಡುಗಿಸಲು ಸಾಕು. ಇದಕ್ಕೆ ಪರಿಹಾರವೂ ಸರಳವಾಗಿದೆ. ಗೇರುಪೆಟ್ಟಿಗೆಯ ಬಾಲ 3 ಡಿಗ್ರಿ ಕೆಳಕ್ಕೆ ಬಾಗಿದ್ದರೆ, ಹಿಂದಿನ ಹೌಸಿಂಗಿನ ಮೂತಿ ಅಷ್ಟೇ ಮೇಲಕ್ಕೆ ನೋಡಬೇಕು. ಆಗ ಎರಡು ಜಾಯಿಂಟಿನ ಓರೆಗಳು ಸಮವಾಗಿ, ಮೊದಲನೆಯದು ಮಾಡಿದ ಏರಿಳಿತವನ್ನು ಎರಡನೆಯದು ಅಳಿಸಿಬಿಡುತ್ತದೆ. ಶಾಫ್ಟಿನ ಎರಡು ತುದಿಯ ಕವೆಗಳು ಮಾತ್ರ ಒಂದೇ ನೇರಕ್ಕೆ ಇರಬೇಕು. ಓರೆಯೇ ಬೇಡವೆಂದು ಎಲ್ಲವನ್ನೂ ಒಂದೇ ಗೆರೆಗೆ ತಂದರೂ ಕೆಡುಕೇ: ಜಾಯಿಂಟಿನೊಳಗಿನ ಸೂಜಿ ಬೇರಿಂಗುಗಳು ಉರುಳದೆ ಒಂದೇ ಕಡೆ ಗುಳಿ ತೋಡುತ್ತವೆ.

ಸಮಾಂತರ ರೇಖೆಗಳನ್ನು ಒಂದು ರೇಖೆ ಕತ್ತರಿಸಿದಾಗ ಪರ್ಯಾಯ ಕೋನಗಳು ಸಮವೆಂದು ನಾವು ಹಲಗೆಯ ಮೇಲೆ ಎಷ್ಟು ವರ್ಷಗಳಿಂದ ಬರೆಯುತ್ತ ಬಂದಿದ್ದೇವೆ! ಅದು ಯಾವ ಉಪಯೋಗಕ್ಕೆ ಎಂದು ಹಿಂದಿನ ಬೆಂಚಿನಿಂದ ಬರುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ಸಿಕ್ಕಿಲ್ಲ. ಪತ್ರ ಬರೆದ ತಂದೆಯವರು ಮಗನಿಗೆ ಈ ಕೋನಗಳನ್ನು ಕಾಗದದ ಮೇಲೆ ಬಿಡಿಸಿ ತೋರಿಸುವಂತೆ ಹೇಳಲಿ. ತೋರಿಸಿದನಾದರೆ ಅವನು ರಾತ್ರಿ ನೋಡುತ್ತಿರುವುದು ಪಾಠವೇ. ಬರಿಯ ಹೊಗೆ, ಸದ್ದುಗಳನ್ನಷ್ಟೆ ವರ್ಣಿಸಿದರೆ ಮೊಬೈಲನ್ನು ಕಸಿದುಕೊಳ್ಳಲು ಅಡ್ಡಿಯಿಲ್ಲ.

ಎಂಜಿನಿಗೂ ಗೇರುಪೆಟ್ಟಿಗೆಗೂ ನಡುವೆ, ಕ್ಲಚ್ಚಿನ ಬದಲಿಗೆ, ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರು ಎಂಬ ಗುಂಡನೆಯ ಪಾತ್ರೆಯಿರುತ್ತದೆ. ಅದನ್ನು ಮೊದಲು ಗೇರುಪೆಟ್ಟಿಗೆಯೊಳಗೆ ತಿರುಗಿಸುತ್ತ ನೂಕಬೇಕು. ಒಳಗಿನ ಹಲ್ಲುಗಳು ಒಂದೊಂದಾಗಿ ಕಚ್ಚಿಕೊಳ್ಳುವಾಗ ಅದು ಹೆಜ್ಜೆಹೆಜ್ಜೆಯಾಗಿ ಒಳಕ್ಕೆ ಇಳಿಯುತ್ತದೆ. ಕೊನೆಯ ಹೆಜ್ಜೆ ಎಣ್ಣೆಯ ಪಂಪಿನದು. ಆಮೇಲೆ ಎಂಜಿನಿಗೆ ಗೇರುಪೆಟ್ಟಿಗೆಯನ್ನು ಆನಿಸಿದಾಗ ಎರಡು ಮುಖಗಳೂ ಕೈಯ ಬಲದಿಂದಲೇ ಕೂಡಬೇಕು, ಕನ್ವರ್ಟರಿಗೂ ಎಂಜಿನಿನ ತಟ್ಟೆಗೂ ನಡುವೆ ಮೂರರಿಂದ ಐದು ಮಿಲಿಮೀಟರು ಸಂದು ಉಳಿದಿರಬೇಕು. ಸಂದು ಇಲ್ಲವೆಂದರೆ ಕೊನೆಯ ಹೆಜ್ಜೆ ಇಳಿದಿಲ್ಲವೆಂದೇ ಅರ್ಥ. ಅದನ್ನು ಅರಿಯದೆ ಬೋಲ್ಟು ಬಿಗಿದು ಎಳೆದರೆ ಪಂಪು ಒಡೆಯುತ್ತದೆ. ಪಾನಾ ಹಿಡಿದವನ ಬಲ ಇಲ್ಲಿ ಅವನ ಶತ್ರು.

ಆರು ವೋಲ್ಟಿನ ಹಳೆಯ ವಿದ್ಯುತ್ತನ್ನು ಹನ್ನೆರಡಕ್ಕೆ ಏರಿಸುವುದು, ವಯರಿಂಗು, ಪೆಟ್ರೋಲಿನ ಕೊಳವೆ ಇವೆಲ್ಲ ತಾಳ್ಮೆಯಿದ್ದರೆ ಆಗುವ ಕೆಲಸಗಳು.

ಬ್ರೇಕಿನ ವಿಷಯ ಹಾಗಲ್ಲ. ಎಂಜಿನಿನ ಬಲ ಮೂರು ಪಟ್ಟಿಗೂ ಮೀರಿ ಹೆಚ್ಚಿದರೂ ಗಾಡಿಯನ್ನು ನಿಲ್ಲಿಸುವ ಡ್ರಮ್ಮುಗಳು 90 ಅಶ್ವಶಕ್ತಿಯ ಕಾಲದವೇ. ವೇಗ ಎರಡರಷ್ಟಾದರೆ ಬ್ರೇಕುಗಳು ನುಂಗಬೇಕಾದ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. ಅದರ ಮೇಲೆ, ಆ ಗಾಡಿಗಳಲ್ಲಿ ನಾಲ್ಕು ಗಾಲಿಗೂ ಮಾಸ್ಟರ್ ಸಿಲಿಂಡರಿನ ಒಂದೇ ಕೋಣೆಯಿಂದ ಎಣ್ಣೆ ಹೋಗುತ್ತಿತ್ತು. ಒಂದು ಕಡೆ ಸೋರಿದರೆ ನಾಲ್ಕೂ ಕೈಬಿಟ್ಟಂತೆ. ಎರಡು ಕೋಣೆಯ ಸಿಲಿಂಡರನ್ನೂ, ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕನ್ನೂ ಹಾಕಿದ ಮೇಲೆಯೇ ಹೊಸ ಎಂಜಿನನ್ನು ರಸ್ತೆಗೆ ತರತಕ್ಕದ್ದು. ಹಣ ಸಾಲದೆಂದು ಇದನ್ನು ಮುಂದಕ್ಕೆ ಹಾಕುವವನ ಗಾಡಿಯಲ್ಲಿ ನಮ್ಮ ಮಕ್ಕಳನ್ನು ಕೂರಿಸಲು ನಾವು ಒಪ್ಪಲಾರೆವು.

ನಮ್ಮ ದೇಶದ ಕಾನೂನನ್ನೂ ಆ ಹುಡುಗನು ತಿಳಿದಿರಲಿ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಎಂಜಿನು ಬದಲಿಸಬೇಕಾದವರು ನೋಂದಣಿ ಅಧಿಕಾರಿಯ ಅನುಮತಿಯನ್ನು ಮೊದಲೇ ಪಡೆಯಬೇಕು; ಎಂಜಿನಿನ ಸಂಖ್ಯೆ ಆರ್.ಸಿ. ಪುಸ್ತಕದಲ್ಲಿ ದಾಖಲಾಗಿರುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಅಭ್ಯಾಸಕ್ಕಾದರೆ ಗುಜರಿ ಅಂಗಡಿಯ ಒಂದು ಹಳೆಯ ಚಾಸಿ, ಗಾರೆಯವರ ಒಂದು ರಸಮಟ್ಟ, ಶಾಲೆಯ ಚೀಲದಲ್ಲಿರುವ ಕೋನಮಾಪಕ ಇಷ್ಟು ಸಾಕು; ಅದಕ್ಕೆ ಯಾರ ಅನುಮತಿಯೂ ಬೇಡ.